ಹದಿನೇಳು ಎಂದವರು ಯಾರು

ಮೊನ್ನೆ ಪಟಮಟದ ಶಾಲೆಯ ಹೊಸ ಟೀಚರ್ ಒಬ್ಬಳು ಭವಾನಿಪುರಂನ ನಮ್ಮ ಮನೆಗೆ ಬಂದಿದ್ದಳು. ಹೆಸರು ಕಾವ್ಯ, ದಾವಣಗೆರೆಯವಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದು ಆರು ತಿಂಗಳು. ನಾನೂ ಒಂದು ಕಾಲಕ್ಕೆ ಹಾಗೆಯೇ ಚಿತ್ರದುರ್ಗದಿಂದ ಬ್ಯಾಂಕಿನ ಗಂಡನ ಹಿಂದೆ ಆಂಧ್ರಕ್ಕೆ ಬಂದವಳು. ಬಿ.ಎಡ್. ಮಾಡಿದ್ದೆನೆಂದು ಶಾಲೆ ಸೇರಿದೆ. ಮೊದಲು ವಿಶಾಖಪಟ್ಟಣದ ಗಾಜುವಾಕದಲ್ಲಿ, ಆಮೇಲೆ ಇಲ್ಲಿ ಪಟಮಟದಲ್ಲಿ ಕೆಲಸ ಮಾಡಿ ನಿವೃತ್ತಳಾದೆ.

"ಆಂಟಿ, ಮುಂದಿನ ವಾರ ನಾಲ್ಕನೇ ಕ್ಲಾಸಿನ ಮಕ್ಕಳನ್ನ ಕಮ್ಯೂನಿಟಿ ಗಾರ್ಡನ್‌ಗೆ ಕರ್ಕೊಂಡು ಹೋಗ್ಬೇಕು. ಪ್ರಕೃತಿಗೆ ಥ್ಯಾಂಕ್ಸ್ ಹೇಳೋ ಪ್ರೋಗ್ರಾಂ ಅಂತೆ," ಎಂದಳು. "ಮಕ್ಕಳನ್ನ ಎಣಿಸೋಕೆ ನಿಮ್ಮದೇ ಒಂದು ಪದ್ಧತಿ ಇತ್ತಂತಲ್ಲ? ಸ್ಟಾಫ್ ರೂಮಲ್ಲಿ ಈಗಲೂ ಅದನ್ನ ಹೇಳ್ಕೊಂಡು ನಗ್ತಾರೆ. ನಂಗೆ ಹೇಳ್ಕೊಡಿ."

ಅಡುಗೆಮನೆಯಲ್ಲಿ ಕೆಲಸದವಳು ಚಟ್ನಿಗೆ ಮಿಕ್ಸಿ ಹಾಕಿದಳು. ನಾನು ಎದ್ದು ಹೋಗಿ ಅದನ್ನು ಆರಿಸಿ ಬಂದೆ. ಆ ಸದ್ದು ನನಗೆ ಆಗುವುದಿಲ್ಲ. ಕೂಲರ್ ಸದ್ದೂ ಆಗುವುದಿಲ್ಲ. ಕಾವ್ಯಳಿಗೆ ಕಾಫಿ ಕೊಟ್ಟು ಎಣಿಸುವ ಪದ್ಧತಿಯನ್ನು ಹೇಳಿಕೊಟ್ಟೆ. ಅದು ಹೇಗೆ ಬಂತೆಂಬುದನ್ನು ಹೇಳುವ ಧೈರ್ಯವಾಗಲಿಲ್ಲ. ಹೇಳದೆ ಕಳಿಸಿದ್ದು ತಪ್ಪೆನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ. ಕಾವ್ಯಳಂತೆ ಹೊಸದಾಗಿ ಈ ಕೆಲಸಕ್ಕೆ ಬಂದವರು ಓದಲಿ.

ಗಾಜುವಾಕದ ಶಾಲೆಯಲ್ಲಿ ನನಗೆ ಸಿಕ್ಕ ಮೊದಲ ಹೆಡ್‌ಮಿಸ್ ವಯಸ್ಸಾದ ಹೆಂಗಸು. ಟೀಚರಿಗೆ ಎರಡೇ ಬೇಕು, ಗಂಟಲು ಮತ್ತು ತೋರುಬೆರಳು ಎನ್ನುತ್ತಿದ್ದರು. ಬೆರಳು ಎಣಿಸುವುದಕ್ಕೆ. ಪ್ರವಾಸ ಹೋದರೆ ಬಸ್ಸಿನ ಬಾಗಿಲಲ್ಲಿ ನಿಂತು ಹತ್ತಿದ ತಲೆ, ಇಳಿದ ತಲೆ ಎಣಿಸಬೇಕು. ಅಷ್ಟೇ ವಿದ್ಯೆ.

ಮೂರನೆಯ ವರ್ಷ ಸಮುದ್ರತೀರಕ್ಕೆ ಹೋದಾಗ ಆ ವಿದ್ಯೆ ಕೈಕೊಟ್ಟಿತು. ಹೊರಡುವಾಗ ನಲವತ್ತೊಂದು ತಲೆ, ವಾಪಸಾಗುವಾಗಲೂ ನಲವತ್ತೊಂದು. ದಾರಿಯಲ್ಲಿ ಇಡ್ಲಿ ತಿನ್ನಿಸಲು ನಿಲ್ಲಿಸಿದೆವು. ಒಬ್ಬ ಹುಡುಗ ಪ್ಲೇಟು ಹಿಡಿದುಕೊಂಡೇ ಅಳತೊಡಗಿದ.

"ಯಾಕೋ, ಖಾರ ಆಯ್ತಾ?" ಎಂದು ತೆಲುಗಿನಲ್ಲಿ ಕೇಳಿದೆ.

"ಇಲ್ಲ ಮೇಡಂ. ನಾನು ನಿಮ್ಮ ಸ್ಕೂಲಲ್ಲ."

ಅಂದು ತೀರಕ್ಕೆ ಬಂದಿದ್ದ ಇನ್ನೊಂದು ಶಾಲೆಗೂ ನಮಗೂ ಬಿಳಿ ಅಂಗಿ, ನೀಲಿ ಚಡ್ಡಿ. ನಮ್ಮ ಹುಡುಗ ಅವರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಹೇಳುತ್ತಾ ಹೋಗಿಬಿಟ್ಟಿದ್ದ. ಅವರಿಗೂ ಲೆಕ್ಕ ಸರಿಯಾಗಿಯೇ ಬಂದಿತ್ತು. ಸಂಜೆಯೊಳಗೆ ಹುಡುಗರನ್ನು ಅದಲುಬದಲು ಮಾಡಿಕೊಂಡೆವು. ನಮ್ಮ ಹುಡುಗನ ತಾಯಿ ನಕ್ಕು, "ಆ ಸ್ಕೂಲಲ್ಲಿ ಫೀಸ್ ಕಡಿಮೆಯಂತೆ, ಅಲ್ಲೇ ಇಟ್ಕೋಬಹುದಿತ್ತು" ಎಂದರು. ಎಲ್ಲರೂ ನಕ್ಕೆವು. ನನಗೆ ಮಾತ್ರ ವಾರವಿಡೀ ಊಟ ಸೇರಲಿಲ್ಲ.

ಆಗ ಹೊಳೆದದ್ದು ನಂಬರಿನ ಸರಪಳಿ. ತಲೆ ಎಣಿಸುವ ಬದಲು ಮಕ್ಕಳೇ ತಮ್ಮ ರೋಲ್ ನಂಬರನ್ನು ಕೂಗಬೇಕು. ಒಂದನೆಯವನು ಒನ್ ಎನ್ನಬೇಕು, ಎರಡನೆಯವಳು ಟೂ. ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ಮಗು ಇಲ್ಲ. ಬೇರೆ ಶಾಲೆಯ ಹುಡುಗ ಬಂದರೂ ಸಿಕ್ಕಿಬೀಳುತ್ತಾನೆ. ಒಂದು ನಿಮಿಷದ ಕೆಲಸ. ನಂತರ ಬಂದ ಪ್ರಿನ್ಸಿಪಾಲರಿಗೆ ಇದು ಬಹಳ ಹಿಡಿಸಿತು. ಅವರಿಗೆ ಬೇಗ ಮುಗಿಯುವುದೆಲ್ಲ ಹಿಡಿಸುತ್ತಿತ್ತು. ಎಲ್ಲ ಕ್ಲಾಸುಗಳಿಗೂ ಇದೇ ಪದ್ಧತಿ ಎಂದು ಸರ್ಕ್ಯುಲರ್ ಹೊರಡಿಸಿದರು. ಕೆಳಗೆ ನನ್ನ ಹೆಸರು ಹಾಕಿದ್ದರು. ಆ ಹಾಳೆಯನ್ನು ಬಹಳ ದಿನ ಬೀರುವಿನಲ್ಲಿ ಇಟ್ಟುಕೊಂಡಿದ್ದೆ.

ಪಲ್ಲವಿ ನಾಲ್ಕನೆಯ ತರಗತಿಗೆ ನನ್ನ ಬಳಿಗೆ ಬಂದಳು. ತಂದೆ ನೌಕಾಪಡೆಯಲ್ಲಿ, ಹೆಚ್ಚಿನ ದಿನ ಸಮುದ್ರದ ಮೇಲೆ. ಧಾರವಾಡದ ಕಡೆಯ ಜನ. ಮೊದಲ ದಿನ ತಾಯಿ ಜೊತೆಗೆ ಬಂದು, ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಕೈ ಹಿಡಿದುಕೊಂಡರು.

"ಅಕ್ಕೋರ, ನಮ್ಮ ಮಾತಾಡೋರು ಸಿಕ್ಕರಲ್ಲ, ಜೀವ ಬಂತ ನೋಡ್ರಿ. ಅಕೀಗೆ ಮಾತು ಒಂಚೂರು ತಡೀತೈತ್ರಿ. ಬುದ್ಧಿ ಚಲೋ ಐತಿ. ಅವಸರ ಮಾಡಬ್ಯಾಡ್ರಿ, ಅಷ್ಟ."

ಅಕ್ಕೋರು ಎಂದರೆ ಆ ಕಡೆ ಟೀಚರ್. ನನ್ನನ್ನು ಹಾಗೆ ಕರೆದವರು ಆ ಊರಿನಲ್ಲಿ ಅವರಿಬ್ಬರೇ.

ಪಲ್ಲವಿಯ ರೋಲ್ ನಂಬರು ಹದಿನೇಳು. ಸೆವೆಂಟೀನ್ ಎಂಬ ಪದದ ಮೊದಲ ಅಕ್ಷರದಲ್ಲೇ ಅವಳ ನಾಲಿಗೆ ನಿಂತುಬಿಡುತ್ತಿತ್ತು. ಸರಪಳಿ ಹದಿನಾರರವರೆಗೆ ಓಡಿ ಬಂದು ನಿಲ್ಲುತ್ತಿತ್ತು. "ಸ್… ಸ್…" ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಿದ್ದರು, ಒಬ್ಬ ಹಾವಿನಂತೆ ಸದ್ದು ಮಾಡಿ ತೋರಿಸುತ್ತಿದ್ದ. ಹದಿನೆಂಟನೆಯವಳು ಹಾರಿಕ, ಅವಳ ಪಕ್ಕದಲ್ಲೇ ಕೂರುವ ತೆಲುಗಿನ ಹುಡುಗಿ, ಬಹಳ ಚುರುಕು. ಒಂದು ದಿನ ಅವಳು ಒಂದೇ ಉಸಿರಿಗೆ "ಸೆವೆಂಟೀನ್ ಎಯ್ಟೀನ್" ಎಂದುಬಿಟ್ಟಳು. ಸರಪಳಿ ಮುಂದೆ ಓಡಿತು. ಯಾರೂ ನಗಲಿಲ್ಲ.

ನಾನು ಅದನ್ನು ನೋಡಿದೆ. ಹಾರಿಕಳ ಬೆನ್ನು ತಟ್ಟಿದೆ. ಅವಳ ರಿಪೋರ್ಟ್ ಕಾರ್ಡಿನಲ್ಲಿ "ಸಹಪಾಠಿಗಳಿಗೆ ನೆರವಾಗುತ್ತಾಳೆ" ಎಂದು ಬರೆದೆ. ಅಂದಿನಿಂದ ಹದಿನೇಳು ಹಾರಿಕಳದೇ ಆಯಿತು. ಮೊದಲ ಸಲ ಹಾಗಾದಾಗ ಪಲ್ಲವಿ ನನ್ನ ಮುಖ ನೋಡಿದ್ದಳು. ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದುಕೊಂಡೆ.

ಆ ವರ್ಷ ಪ್ರಿನ್ಸಿಪಾಲರು ಪ್ರಕೃತಿಗೆ ಕೃತಜ್ಞತೆಯ ದಿನ ಮಾಡಬೇಕೆಂದರು. ಊರ ಅಂಚಿನಲ್ಲಿ ಒಂದು ಬಡಾವಣೆಯವರು ಖಾಲಿ ಜಾಗದಲ್ಲಿ ಸೇರಿ ಮಾಡಿಕೊಂಡ ತೋಟವಿತ್ತು. ಬೆಂಡೆ, ಬದನೆ, ಗೋಂಗೂರ ಸೊಪ್ಪು, ಒಂದು ಮೂಲೆಯಲ್ಲಿ ಗೊಬ್ಬರದ ಗುಂಡಿ, ನಡುವೆ ಹಳೆಯ ಅರಳಿಮರ. ನೋಡಿಕೊಳ್ಳುವವಳು ಅಪ್ಪಲಮ್ಮ ಎಂಬ ಮುದುಕಿ. ಪ್ರತಿ ಮಗುವೂ ಒಂದೊಂದು ಗಿಡದ ಮುಂದೆ ನಿಂತು ಥ್ಯಾಂಕ್ಸ್ ಹೇಳಬೇಕು, ಕೊನೆಗೆ ಅರಳಿಮರಕ್ಕೆ ಪೂಜೆ. ಅದು ಕಾರ್ಯಕ್ರಮ.

ಮಕ್ಕಳಿಗೆ ಖುಷಿಯೋ ಖುಷಿ. "ಥ್ಯಾಂಕ್ಯೂ ಬೆಂಡೆಕಾಯಿ, ಆದರೆ ನೀನು ನನ್ನ ಡಬ್ಬಿಗೆ ಬರಬೇಡ" ಎಂದ ಒಬ್ಬ. ಪಲ್ಲವಿ ಬದನೆಗಿಡ ಆರಿಸಿಕೊಂಡಿದ್ದಳು. ಅವಳ ಸರದಿ ಬಂದಾಗ ಬಿಸಿಲು ಏರುತ್ತಿತ್ತು, ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದರು.

"ಪುಟ್ಟಾ, ನೀನು ಕೊನೆಗೆ ಹೇಳು. ಅಲ್ಲಿ ಹೋಗಿ ಪ್ರಾಕ್ಟೀಸ್ ಮಾಡ್ಕೋ," ಎಂದೆ.

ಅವಳು ತಲೆಯಾಡಿಸಿ ತೋಟದ ಆ ತುದಿಗೆ ಹೋದಳು. ಗೊಬ್ಬರದ ಗುಂಡಿಯ ಪಕ್ಕದ ಬದನೆ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಿಡಕ್ಕೆ ಏನೋ ಹೇಳಿಕೊಳ್ಳುತ್ತಿದ್ದದ್ದು ಕಾಣುತ್ತಿತ್ತು. ನಾನು ಕೊನೆಯ ಬಾರಿ ಅವಳನ್ನು ನೋಡಿದ್ದು ಹಾಗೆ. ಆಮೇಲೆ ಆ ಕಡೆ ತಿರುಗಲಿಲ್ಲ.

ಅರಳಿಮರದ ಕೆಳಗೆ ಸಾಂಬ್ರಾಣಿ ಹಾಕಲು ಕೆಂಡ ಸಿದ್ಧವಾಗಿತ್ತು. ಅಪ್ಪಲಮ್ಮ ಓಡಿಬಂದಳು. "ಮೇಡಂ ಗಾರು, ಪೈನ ತೇನೆಪಟ್ಟು ಉಂದಿ. ಪೊಗ ವದ್ದು." ಮೇಲೆ ಜೇನುಹುಟ್ಟು ಇದೆ, ಹೊಗೆ ಬೇಡ. ತಲೆಯೆತ್ತಿ ನೋಡಿದೆ. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಕಪ್ಪಗೆ ಇಳಿಬಿದ್ದಿತ್ತು. ಪ್ರಿನ್ಸಿಪಾಲರ ಕಡೆ ನೋಡಿದೆ. ಅವರು ಆಗಲೇ ಫೋನು ಹಿಡಿದಿದ್ದರು.

"ಎರಡು ನಿಮಿಷ ಅಮ್ಮಾ. ಒಂದು ಫೋಟೋ. ಹೊಗೆ ಇದ್ದರೆ ಚೆನ್ನಾಗಿ ಬರುತ್ತೆ."

ನಾನು ಬೇಡವೆನ್ನಬಹುದಿತ್ತು. ಜೇನು ಹೊಗೆಗೆ ಏಳುತ್ತದೆಂದು ದುರ್ಗದ ಮಕ್ಕಳಿಗೂ ಗೊತ್ತು. ಸಾಂಬ್ರಾಣಿ ಕೆಂಡಕ್ಕೆ ಬಿತ್ತು, ಹೊಗೆ ಮೇಲೇರಿತು.

ಮೊದಲು ಕೇಳಿದ್ದು ಸದ್ದು. ಹೊಸ ಬಟ್ಟೆಯನ್ನು ಅಂಗಡಿಯವನು ಒಂದೇ ಸಲ ಹರಿದಂತೆ. ಆಮೇಲೆ ಪ್ರಿನ್ಸಿಪಾಲರ ಕೈಯಿಂದ ಫೋನು ಬಿತ್ತು. ಆಮೇಲೆ ಮಕ್ಕಳು ಕಿರುಚಿದರು. "ಬಸ್ಸು! ಬಸ್ಸಿಗೆ ಓಡಿ!" ಎಂದು ಕೂಗಿದ್ದು ನಾನೇ ಇರಬೇಕು. ಇಬ್ಬರನ್ನು ಕಂಕುಳಲ್ಲಿ ಎತ್ತಿಕೊಂಡಿದ್ದೆ, ಒಬ್ಬಳು ನನ್ನ ಸೆರಗಿನೊಳಗೆ ತಲೆ ತೂರಿಸಿದ್ದಳು. ಬಸ್ಸಿನ ಬಾಗಿಲು ಹಾಕಿದೆವು. ಕಿಟಕಿಯ ಗಾಜು ಮುಚ್ಚಿದೆವು. ಒಳಗೆ ನುಗ್ಗಿದ್ದವುಗಳನ್ನು ಡ್ರೈವರ್ ಟವೆಲಿನಿಂದ ಹೊಡೆಯುತ್ತಿದ್ದ. ಹೊರಗೆ ಗಾಜಿನ ಮೇಲೆ ಅವು ಮಳೆಯ ಹಾಗೆ ಬಂದು ಬಡಿಯುತ್ತಿದ್ದವು.

"ನಂಬರ್ಸ್!" ಎಂದು ಕೂಗಿದೆ.

ಅಷ್ಟು ಅಳುವಿನ ನಡುವೆಯೂ ಅಭ್ಯಾಸ ಕೆಲಸ ಮಾಡಿತು. ಒನ್. ಟೂ. ಬಿಕ್ಕುತ್ತಾ, ಮುಖ ಉಜ್ಜಿಕೊಳ್ಳುತ್ತಾ ಹೇಳಿದರು. ಸಿಕ್ಸ್‌ಟೀನ್. ಸೆವೆಂಟೀನ್ ಎಯ್ಟೀನ್. ನೈನ್‌ಟೀನ್. ಮೂವತ್ತೆಂಟರವರೆಗೆ ಎಲ್ಲೂ ನಿಲ್ಲದೆ ಬಂತು. ಇಂಥ ಹೊತ್ತಿನಲ್ಲೂ ನನ್ನ ಪದ್ಧತಿ ಕೈಬಿಡಲಿಲ್ಲ ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

"ಪದಂಡಿ," ಹೊರಡಿ, ಎಂದು ಡ್ರೈವರಿಗೆ ಹೇಳಿದೆ.

ಆಸ್ಪತ್ರೆಯಲ್ಲಿ ನರ್ಸುಗಳು ಮಕ್ಕಳನ್ನು ಸಾಲಾಗಿ ಕೂರಿಸಿ ಮುಳ್ಳು ತೆಗೆಯತೊಡಗಿದರು. ಒಬ್ಬ ನರ್ಸ್ ಹೆಸರುಗಳನ್ನು ಕೇಳಿದಳು. ನಾನು ಬಾಯಿಪಾಠವಾಗಿ ಹೇಳುತ್ತಾ ಹೋದೆ, ಅವಳು ಮುಖ ನೋಡಿ ಗುರುತು ಹಾಕುತ್ತಾ ಬಂದಳು. ಪಲ್ಲವಿ ಎಂದೆ. ಯಾರೂ ಕೈಯೆತ್ತಲಿಲ್ಲ. ಮತ್ತೆ ಕರೆದೆ. ಟಾಯ್ಲೆಟ್ಟಿಗೆ ಹೋಗಿರಬೇಕು ಎಂದರು ಯಾರೋ.

ಹಾರಿಕಳ ಕೆಳತುಟಿ ಊದಿ ಗದ್ದದವರೆಗೆ ಬಂದಿತ್ತು. ಅವಳು ನನ್ನ ಸೆರಗು ಎಳೆದಳು.

"ಮೇಡಂ, ಸೆವೆಂಟೀನ್ ನಾನೇ ಹೇಳಿದೆ."

"ಏನು?"

"ಯಾವಾಗಲೂ ನಾನೇ ಅಲ್ವಾ ಮೇಡಂ ಹೇಳೋದು?"

ಆಟೋ ಹಿಡಿದೆ. ತೋಟದ ರಸ್ತೆಯ ತಿರುವಿಗೆ ಬಂದದ್ದೇ ಆಟೋದವನು ನಿಲ್ಲಿಸಿದ. ಮುಂದೆ ಬರುವುದಿಲ್ಲ ಎಂದ. ಆಸ್ಪತ್ರೆಯಿಂದ ಎಳೆದುಕೊಂಡು ಬಂದಿದ್ದ ಕಂಬಳಿಯನ್ನು ತಲೆಗೆ ಹೊದ್ದು ಒಬ್ಬಳೇ ನಡೆದೆ. ಆಗಲೇ ಮುಕ್ಕಾಲು ಗಂಟೆ ಕಳೆದಿತ್ತು. ಜೇನು ಇನ್ನೂ ಪೂರ್ತಿ ಇಳಿದಿರಲಿಲ್ಲ. ಗೇಟಿನ ಒಳಗೆ ಮಕ್ಕಳ ಚಪ್ಪಲಿಗಳು, ಒಂದು ನೀರಿನ ಬಾಟಲಿ, ಆರದೆ ಉಳಿದ ಕೆಂಡ.

"ಪಲ್ಲವೀ!" ಎಂದು ಕರೆದೆ. ಮತ್ತೆ ಕರೆದೆ, ಎಷ್ಟು ಸಲವೋ. ಅವಳಿಗೆ ನನ್ನ ದನಿ ಕೇಳಿಸುತ್ತಿತ್ತು ಎಂದು ಆಮೇಲೆ ತಿಳಿಯಿತು. ಕೇಳಿಸುತ್ತಿತ್ತು, ಓ ಎನ್ನಲು ಆಗುತ್ತಿರಲಿಲ್ಲ. ಉತ್ತರ ಬಾರದ್ದರಿಂದ ಇಲ್ಲಿ ಇಲ್ಲವೆಂದು ನಾನು ಗೇಟಿನ ಕಡೆಗೆ ತಿರುಗಿಯೂ ಇದ್ದೆ. ಆಗ ಗೊಬ್ಬರದ ಗುಂಡಿಯಲ್ಲಿ ನೆನೆದ ಗೋಣಿಚೀಲಗಳ ರಾಶಿಯ ಕೆಳಗಿಂದ ಒಂದು ಕೈ ಮೇಲೆ ಬಂತು. ಬಳೆಯಿದ್ದ, ಮುದಿ ಕೈ.

ಅಪ್ಪಲಮ್ಮ ಮಗುವಿನ ಮೇಲೆ ಕವುಚಿ ಮಲಗಿದ್ದಳು. ಚೀಲಗಳು ಸಾಲದೆ ತನ್ನ ಸೀರೆಯನ್ನೂ ಮಗುವಿಗೇ ಸುತ್ತಿದ್ದಳು. ಅವಳ ಮುಖದಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಪಲ್ಲವಿಗೆ ಕುತ್ತಿಗೆಯ ಹಿಂದೆ, ಕಾಲಿನಲ್ಲಿ ಕಚ್ಚಿದ್ದವು. ಬದುಕಿದ್ದಳು. ಎತ್ತಿಕೊಂಡೆ. ಅವಳು ನನ್ನ ಕುತ್ತಿಗೆ ಹಿಡಿಯಲಿಲ್ಲ. ಕೈಗಳನ್ನು ಇಳಿಬಿಟ್ಟುಕೊಂಡೇ ಬಂದಳು.

ಇಬ್ಬರೂ ಉಳಿದರು. ಅಪ್ಪಲಮ್ಮನ ಒಂದು ಕಣ್ಣು ಮಾತ್ರ ಮತ್ತೆ ಸರಿಯಾಗಲಿಲ್ಲ.

ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿದರು. ಅವರ ಕೈಗೂ ಬ್ಯಾಂಡೇಜು ಇತ್ತು. ಕೂಗಾಡಲಿಲ್ಲ, ಬಹಳ ಮೃದುವಾಗಿ ಮಾತಾಡಿದರು.

"ನಂಬರ್ಸ್ ತೆಗೆದುಕೊಂಡಿರಿ ಅಲ್ಲವಾ ಮೇಡಂ? ಮೂವತ್ತೆಂಟೂ ಬಂತಲ್ಲ? ನಾನೇ ಕೇಳಿದೆ, ಡ್ರೈವರೂ ಕೇಳಿದ. ಅಂದರೆ ಮಗು ಬಸ್ಸಿನಲ್ಲಿತ್ತು. ಆಮೇಲೆ ಇಳಿದು ಹೋಗಿದೆ."

"ಸಾರ್, ಹಾರಿಕ…"

"ಒಂಬತ್ತು ವರ್ಷದ ಆ ಹುಡುಗಿಯ ಹೆಸರನ್ನು ಇದರಲ್ಲಿ ಎಳೆಯುತ್ತೀರಾ? ಅವಳಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದರೆ?"

ಟೈಪು ಮಾಡಿದ ಹಾಳೆ ಸಿದ್ಧವಾಗಿತ್ತು. ಹಾಜರಿ ಪಡೆದ ಬಳಿಕ ವಿದ್ಯಾರ್ಥಿನಿ ಗಾಬರಿಯಿಂದ ಬಸ್ಸಿನಿಂದ ಇಳಿದು ಓಡಿದ್ದಾಳೆ ಎಂದು. ಹಾರಿಕಳನ್ನು ಉಳಿಸಲು ಸಹಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನನ್ನು. ಮನೆಯಲ್ಲಿ ಹೇಳಿದಾಗ ಯಜಮಾನರು, "ಮಗು ಉಳೀತಲ್ಲ, ಇನ್ನು ಅದನ್ನ ಕೆದಕಬೇಡ" ಎಂದರು. ಅವರು ಒಳ್ಳೆಯ ಮನುಷ್ಯರೇ. ನನಗೆ ಬೇಕಾಗಿದ್ದದ್ದೂ ಆ ಮಾತೇ.

ಎರಡು ವಾರದ ನಂತರ ಪಲ್ಲವಿಯ ತಂದೆ ಹಡಗಿನಿಂದ ಬಂದರು. ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. ತಂದೆ ಆ ಹಾಳೆಯನ್ನು ಎರಡು ಸಲ ಓದಿದರು. ಶಿಸ್ತಿನ ಮನುಷ್ಯ. ದನಿ ಎತ್ತದೆ ಮಗಳನ್ನು ಕೇಳಿದರು.

"ಬಸ್ಸಿನ್ಯಾಗಿಂದ ಯಾಕ ಇಳದಿ?"

"ನಾ… ನಾ… ಹ…"

ಅವಳು ನನ್ನ ಕಡೆ ನೋಡಿದಳು. ಕೊರಳ ನರ ಉಬ್ಬಿತ್ತು. ಆ ಮಾತು ಹೊರಬಂದಿದ್ದರೆ ಏನಾಗುತ್ತಿತ್ತೆಂದು ನನಗೆ ತಿಳಿದಿತ್ತು.

"ಗಾಬರಿಯಾಗಿತ್ತು ಪಾಪ. ಚಿಕ್ಕವಳು, ಬಿಡಿ," ಎಂದೆ. ಅವಳ ಮಾತನ್ನು ನಾನು ಮುಗಿಸಿದೆ.

ಪಲ್ಲವಿ ಬಾಯಿ ಮುಚ್ಚಿದಳು. ತಾಯಿ ನನ್ನ ಕೈಗೆ ಒಂದು ರವಿಕೆ ಕಣ, ತೆಂಗಿನಕಾಯಿ ಇಟ್ಟರು. "ನೀವು ತಿರುಗಿ ಹೋಗಿರದಿದ್ದರ ನಮ್ಮ ಗತಿ ಏನ್ರಿ ಅಕ್ಕೋರ? ಎಲ್ಲಾ ಮಕ್ಕಳನ್ನ ಬಿಟ್ಟು ಇಕೀ ಸಲುವಾಗಿ ಹೋದ್ರಿ." ನಾನು ತೆಗೆದುಕೊಂಡೆ. ಆ ಕಣವನ್ನು ಇಂದಿಗೂ ಹೊಲಿಸಿಲ್ಲ.

ಆ ವರ್ಷದ ಕೊನೆಗೆ ಅವರಿಗೆ ವರ್ಗವಾಯಿತು. ಟಿ.ಸಿ. ಪಡೆಯಲು ತಾಯಿ ಒಬ್ಬರೇ ಬಂದಿದ್ದರು.

"ಧಾರವಾಡದಾಗ ಹಾಸ್ಟೆಲಿಗೆ ಹಾಕತೇವ್ರಿ. ಮಾತು ಇನ್ನೂ ಕಮ್ಮಿ ಆಗೈತಿ. ಮ್ಯಾಲೆ ಸುಳ್ಳು ಒಂದು ಕಲತಾಳ. ನಾ ಬಸ್ ಹತ್ತೇ ಇಲ್ಲ ಅಂತ ಹಾಳ್ಯಾಗ ಬರದು ಬರದು ಅವರಪ್ಪಗ ತೋರಸ್ತಾಳ್ರಿ. ಅವರಿಗೆ ಸುಳ್ಳು ಅಂದ್ರ ಆಗೂದಿಲ್ಲ. ಅಕ್ಕೋರ ಸಹಿ ಐತಿ, ಅವರ್‍ಯಾಕ ಸುಳ್ಳು ಹೇಳ್ತಾರ ಅಂತ ಬೈದರ್‍ರಿ."

ಆ ದಿನವಾದರೂ ಹೇಳಬಹುದಿತ್ತು. ಟಿ.ಸಿ.ಯನ್ನು ಕವರಿನಲ್ಲಿ ಹಾಕಿ ಕೊಟ್ಟೆ.

ಅಪ್ಪಲಮ್ಮನನ್ನು ಎರಡು ಸಲ ನೋಡಲು ಹೋಗಿದ್ದೆ. ಕೆಲಸ ಬಿಟ್ಟು ಮಗಳ ಮನೆಯ ಜಗುಲಿಯಲ್ಲಿ ಕೂತಿರುತ್ತಿದ್ದಳು. ಎರಡು ಸಲವೂ ಅವಳು ಕೇಳಿದ್ದು ಒಂದೇ: "ಪಾಪ ಬಾಗುಂದಾ?" ಮಗು ಚೆನ್ನಾಗಿದೆಯಾ? ಹೌದು ಎಂದೆ. ಮೂರನೆಯ ಸಲ ಹೋಗಲಿಲ್ಲ.

ವಿಜಯವಾಡಕ್ಕೆ ಬಂದ ಮೇಲೆ ನಾನು ಎಣಿಸುವುದನ್ನೇ ಬದಲಿಸಿದೆ. ಬಸ್ಸು ನಿಂತೇ ಇರಬೇಕು. ನಾನು ಪ್ರತಿ ಮಗುವಿನ ಬಳಿ ಹೋಗಿ ಭುಜ ಮುಟ್ಟುತ್ತಿದ್ದೆ, ಅದು ತನ್ನ ಹೆಸರನ್ನು ತಾನೇ ಹೇಳಬೇಕು, ಬೇರೆ ಯಾರೂ ಉಸಿರೆತ್ತಬಾರದು. ಎಷ್ಟು ಹೊತ್ತಾದರೂ ಕಾಯುತ್ತಿದ್ದೆ. ಭುಜ ಮುಟ್ಟಿಯಾಯಿತಲ್ಲ, ಮಗು ಇದೆಯಲ್ಲ, ಹೆಸರು ಯಾಕೆ ಎಂದು ಕಾವ್ಯ ಕೇಳಿದಳು. ಸರಿಯಾದ ಪ್ರಶ್ನೆ. ಮಗು ಇದೆಯೆಂದು ಮಗುವೇ ಹೇಳಲಿ ಎಂದೆ. ನಾನು ಹೀಗೆ ಎಣಿಸುವಾಗ ಇಲ್ಲಿಯ ಪ್ರಿನ್ಸಿಪಾಲ್ ಮೇಡಂ, "ಏನಂಡಿ, ಇದು ಸ್ಕೂಲ್ ಟ್ರಿಪ್ಪಾ, ಮದುವೆ ದಿಬ್ಬಣವಾ?" ಎಂದು ರೇಗುತ್ತಿದ್ದರು. ಡ್ರೈವರುಗಳು ಅದಕ್ಕೆ "ಭುಜಪೂಜೆ" ಎಂದು ಹೆಸರಿಟ್ಟಿದ್ದರು. ನಗಲಿ. ಕಾವ್ಯ, ನಿನ್ನನ್ನೂ ನೋಡಿ ನಗುತ್ತಾರೆ. ಗಿಡಗಳಿಗೆ ಥ್ಯಾಂಕ್ಸ್ ಹೇಳಿಸುವ ಮೊದಲು ತೋಟದ ಕೆಲಸದವರು ಬೇಡವೆಂದದ್ದನ್ನು ಕೇಳು. ಮಾತು ತಡವಾಗುವ ಮಗುವನ್ನು ಕೊನೆಗೆ ತಳ್ಳಬೇಡ.

ಕಾವ್ಯ ಹೋದ ಮಧ್ಯಾಹ್ನ ಹಳೆಯ ಡೈರಿ ತೆಗೆದೆ. ಪಲ್ಲವಿಯ ತಾಯಿಯ ನಂಬರು ಅದರಲ್ಲಿತ್ತು. ಹತ್ತು ವರ್ಷದಲ್ಲಿ ಎಷ್ಟೋ ಸಲ ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದ್ದೇನೆ. ಅಂದು ಕತ್ತರಿಸಲಿಲ್ಲ. ಹರೆಯದ ಹುಡುಗಿಯ ದನಿ ಬಂತು.

"ಯಾ… ಯಾ…"

ಯಾರು ಎಂದು ಕೇಳುತ್ತಿದ್ದಾಳೆ. ನನ್ನ ಹೆಸರು ನಾಲಿಗೆಯ ತುದಿಗೆ ಬಂತು. ತಡೆದೆ.

"ಯಾರ್‍ರೀ?" ಎಂದು ಅವಳು ಮುಗಿಸಿದಳು.

ಹೇಳಿದೆ. ನಾನು ಯಾರೆಂದು, ಹಾಳೆಯಲ್ಲಿ ಬರೆದದ್ದು ಸುಳ್ಳೆಂದು, ಸುಳ್ಳೆಂದು ಗೊತ್ತಿದ್ದೇ ಸಹಿ ಮಾಡಿದೆನೆಂದು, ಅವಳು ಅಪ್ಪನಿಗೆ ಹೇಳಹೊರಟ ಮಾತನ್ನು ಬೇಕೆಂದೇ ತಡೆದೆನೆಂದು. ಆ ಕಡೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಅವಳು ಶುರುಮಾಡಿದಳು. ನಾನು ಕಾದೆ.

"ನ… ನನಗ ಗೊತ್ತೈತ್ರಿ ಅಕ್ಕೋರ. ನಾ ಅಲ್ಲೇ ಇ… ಇದ್ನಲ್ಲ."

ಇನ್ನೊಂದು ಮಾತಿಗೆ ಉಸಿರು ತೆಗೆದುಕೊಂಡಳು.

"ಅ… ಅವ್ವಗ ಹೇಳ್ರಿ."

ಫೋನು ಕೈ ಬದಲಾಯಿಸಿತು. "ಅಯ್ಯ, ಅಕ್ಕೋರ!" ಎಂದರು ತಾಯಿ. ಅದೇ ದನಿ. "ಎಷ್ಟು ವರ್ಷಾತ್ರಿ! ನಿಮ್ಮನ್ನ ನೆನಸದ ದಿನಾ ಇಲ್ಲ ನೋಡ್ರಿ. ನನ್ನ ಮಗಳ ಜೀವಾ ಉಳಸಿದವರು ನೀವು…"

ಅವರು ಹೇಳುವುದೆಲ್ಲ ಮುಗಿಯಲಿ ಎಂದು ಬಿಟ್ಟೆ. ಆಮೇಲೆ ಹೇಳಿದೆ.

"ಅವಳು ಬಸ್ಸು ಹತ್ತಿರಲೇ ಇಲ್ಲಮ್ಮ."

ಅವರು ಫೋನು ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು. ನಾನೂ ಇಡಲಿಲ್ಲ.